ಕರಿ ವೈರು ಅಂದ್ರೆ ಅರ್ತ್ ಅಲ್ಲ: ನನ್ನ ಟಕೋಮಾಗೆ ಸ್ಟೀರಿಯೋ, ಸ್ಯಾಟಲೈಟ್ ರೇಡಿಯೋ ಹಾಕಿದ ಕಥೆ

ನನ್ನ ಗಾಡಿ 2009ರ ಟೊಯೋಟಾ ಟಕೋಮಾ, ಡಬಲ್ ಕ್ಯಾಬ್, ಅಂದ್ರೆ ನಾಲ್ಕು ಬಾಗಿಲು, ಒಳಗೆ ಐದು ಜನ ಕೂರಬಹುದು, ಹಿಂದೆ ಸಾಮಾನು ಹಾಕೋಕೆ ತೆರೆದ ಡಬ್ಬ. ಸೆಕೆಂಡ್ ಹ್ಯಾಂಡ್ ತಗೊಂಡು ಮೂರು ವರ್ಷ ಆಯ್ತು. ಇಂಜಿನ್ ಬಗ್ಗೆ ಒಂದು ಮಾತು ಆಡೋ ಹಾಗಿಲ್ಲ, ಅಷ್ಟು ಚೆನ್ನಾಗಿದೆ. ತೊಂದರೆ ಇದ್ದಿದ್ದೆಲ್ಲ ಸ್ಟೀರಿಯೋದ್ದು.

ನಾವಿರೋದು ಟೆಕ್ಸಸ್‌ನ ಆಬಿಲೀನ್‌ನಲ್ಲಿ. ನನ್ನ ಕೆಲಸ ಗಾಳಿಯಂತ್ರದ್ದು, ಸ್ವೀಟ್‌ವಾಟರ್, ರಾಸ್ಕೋ, ಸ್ನೈಡರ್ ಆ ಕಡೆಯೆಲ್ಲ ದಿನಾ ಓಡಾಟ. ರಾಸ್ಕೋ ವಿಂಡ್ ಫಾರ್ಮ್ ಒಂದರಲ್ಲೇ 627 ಟರ್ಬೈನ್ ಇವೆ, 2009ರಲ್ಲಿ ಮುಗಿದಾಗ 781.5 ಮೆಗಾವ್ಯಾಟ್. ಸುತ್ತ ಎಲ್ಲಿ ನೋಡಿದ್ರೂ ಹತ್ತಿ ಹೊಲ, ಕೆಂಪು ಮಣ್ಣು, ಅದರ ಮಧ್ಯ ತಿರುಗೋ ರೆಕ್ಕೆಗಳು. ನಾನು ಚಿತ್ರದುರ್ಗದವನು, ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳನ್ನ ನೋಡ್ತಾ ಇದ್ದವನಿಗೆ ಇಲ್ಲಿಗೆ ಬಂದ ಮೊದಲ ವಾರವೇ ಇದು ನಮ್ಮ ಊರ ಥರಾನೇ ಇದೆ ಅನ್ನಿಸಿತ್ತು, ಈಗಲೂ ಅನ್ಸುತ್ತೆ. ವ್ಯತ್ಯಾಸ ಅಂದ್ರೆ ದೂರ. ಇಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಹೋಗೋವಷ್ಟರಲ್ಲಿ ನಮ್ಮ ಕಡೆ ಒಂದು ಜಿಲ್ಲೆ ದಾಟಿರ್ತೀವಿ.

ಈ ದೂರದಲ್ಲಿ ಎಫ್‌ಎಂ ನಿಲ್ಲಲ್ಲ. ಆಬಿಲೀನ್ ಬಿಟ್ಟು ಐ-20 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟ್ರೆ ಒಂದು ಗಂಟೆಯಷ್ಟೊತ್ತಿಗೆ ಆಬಿಲೀನಿನ ಸ್ಟೇಷನ್ನುಗಳು ಕರಕರ ಅನ್ನೋಕೆ ಶುರು, ಬಿಗ್ ಸ್ಪ್ರಿಂಗ್ ಕಡೆಯದು ಇನ್ನೂ ಸರಿಯಾಗಿ ಹಿಡಿಯಲ್ಲ. ರಾತ್ರಿ ಆದ್ರೆ ಎಎಂ ಒಂದು ಆಸರೆ, ಫೋರ್ಟ್ ವರ್ತ್‌ನ 820 ಕಿಲೋಹರ್ಟ್ಸ್ ಸ್ಟೇಷನ್ 50 ಕಿಲೋವ್ಯಾಟ್‌ದು, ಕತ್ತಲಾದ ಮೇಲೆ ಎಷ್ಟು ದೂರ ಬೇಕಾದ್ರೂ ಬರುತ್ತೆ. ನಾವು ಚಿಕ್ಕವರಿದ್ದಾಗ ಭದ್ರಾವತಿ ಆಕಾಶವಾಣಿ 675ರಲ್ಲಿ ಹಂಗೇ ಕೇಳ್ತಿದ್ವಲ್ಲ, ಅದೇ ಲೆಕ್ಕ. ಆದ್ರೆ ಹಗಲು ಹೊತ್ತು ಏನೂ ಇಲ್ಲ. ಫೋನಿಂದ ಹಾಕೋಣ ಅಂದ್ರೆ ಫಾರ್ಮ್ ರೋಡುಗಳಲ್ಲಿ ಸಿಗ್ನಲ್ ಬರೋದು ಹೋಗೋದು ಮಾಡುತ್ತೆ, ಡೌನ್‌ಲೋಡ್ ಮಾಡಿಟ್ಟ ಹಾಡುಗಳು ಎಷ್ಟು ಸಲ ಅಂತ ಕೇಳ್ತೀರಾ. ಒಬ್ಬನೇ ನಾಲ್ಕೈದು ಗಂಟೆ ಓಡಿಸೋನಿಗೆ ಬೇಕಾಗಿರೋದು ಇನ್ನೊಬ್ಬರ ದನಿ, ಈಗ, ಈ ಕ್ಷಣದಲ್ಲಿ ಎಲ್ಲೋ ಕೂತು ಮಾತಾಡ್ತಿರೋರ ದನಿ.

ಇದರ ಜೊತೆಗೆ ಗಾಡಿಯಲ್ಲಿದ್ದ ಸ್ಟೀರಿಯೋ. ಹಿಂದಿನ ಓನರ್ ಕಂಪನಿ ರೇಡಿಯೋ ತೆಗೆಸಿ ಯಾವುದೋ ಅಗ್ಗದ ಸೆಟ್ ಹಾಕಿಸಿದ್ದ. ಆಕ್ಸಿಲರೇಟರ್ ಒತ್ತಿದ್ರೆ ಸ್ಪೀಕರಿಂದ ಕುಂಯ್ಯ್ ಅಂತ ಒಂದು ಸಣ್ಣ ಸಿಳ್ಳೆ ಏರ್ತಾ ಹೋಗೋದು, ಕಾಲು ತೆಗೆದ್ರೆ ಇಳಿಯೋದು. ಇಂಜಿನ್ ಜೊತೆ ಏರಿ ಇಳಿಯೋ ಶಬ್ದ ಅಂದ್ರೆ ಇಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋ ಆಲ್ಟರ್ನೇಟರಿಂದ ಬರೋದು ಅಂತ ಗೊತ್ತಿತ್ತು, ಯಾಕೆ ಬರ್ತಿದೆ ಅನ್ನೋದು ಗೊತ್ತಿರ್ಲಿಲ್ಲ. ಎರಡನೇದು, ಹಿಂದಿನ ಎಡಗಡೆ ಬಾಗಿಲಿನ ಸ್ಪೀಕರ್ ಸತ್ತೇ ಹೋಗಿತ್ತು. ನನ್ನ ಮಗಳು ಕೂರೋದು ಅಲ್ಲೇ, ನನ್ನ ಸೀಟಿನ ಹಿಂದೆ. ಅವಳಿಗೆ ಏಳು ವರ್ಷ. "ಅಪ್ಪಾ ನನ್ ಕಡೆ ಹಾಡೇ ಬರಲ್ಲ" ಅಂತ ಎಷ್ಟು ಸಲ ಹೇಳಿದಾಳೋ, ನಾನು ಸ್ಪೀಕರ್ ಹೋಗಿದೆ ಕಣೇ ಹೊಸದು ಹಾಕ್ತೀನಿ ಅಂತ ಹೇಳ್ತಾ ಒಂದು ವರ್ಷ ತಳ್ಳಿದ್ದೆ.

ಈ ಮಾರ್ಚಲ್ಲಿ ಕೂತು ಒಂದೇ ಸಲ ಎಲ್ಲ ಮಾಡಿಬಿಡೋಣ ಅಂತ ನಿರ್ಧಾರ ಮಾಡಿದೆ. ಹೊಸ ಹೆಡ್ ಯೂನಿಟ್, ಅಂದ್ರೆ ಡ್ಯಾಶಲ್ಲಿ ಕೂರೋ ಸ್ಟೀರಿಯೋ ಸೆಟ್ಟು, ನಾಲ್ಕು ಸ್ಪೀಕರ್, ಸ್ಯಾಟಲೈಟ್ ರೇಡಿಯೋ ಹಿಡಿಯೋ ಸಿರಿಯಸ್‌ಎಕ್ಸ್‌ಎಂ ಟ್ಯೂನರ್.

ಹೆಡ್ ಯೂನಿಟ್ ಆರಿಸೋವಾಗ ದೊಡ್ಡ ಟಚ್ ಸ್ಕ್ರೀನ್ ಕಡೆ ಹೋಗ್ಲಿಲ್ಲ. ಸೈಟಿನಿಂದ ಇಳಿದು ಬಂದಾಗ ಕೈಗೆ ಗ್ಲೌಸ್ ಇರುತ್ತೆ, ಇಲ್ಲಾಂದ್ರೆ ಗ್ರೀಸ್ ಇರುತ್ತೆ, ಗುಂಡನೆ ನಾಬ್ ಇದ್ರೆ ಕಣ್ಣು ರಸ್ತೆ ಮೇಲೇ ಇಟ್ಟು ತಿರುಗಿಸಬಹುದು. ಹಾಗಾಗಿ ಬ್ಲೂಟೂತ್, ಯುಎಸ್‌ಬಿ, ನಾಬ್ ಇರೋ ಡಬಲ್ ಡಿನ್ (ಎರಡು ಪಟ್ಟು ಎತ್ತರದ ಅಳತೆ) ಸೆಟ್ಟು, ಮೇಲೆ ಸಿರಿಯಸ್‌ಎಕ್ಸ್‌ಎಂ ರೆಡಿ ಅಂತ ಬರೆದಿರಬೇಕು, ಅದು ಮುಖ್ಯ. ಹಂಗೆ ಬರೆದಿದ್ರೆ ಹಿಂದುಗಡೆ ಟ್ಯೂನರ್‌ಗೆ ಅಂತಾನೇ ಒಂದು ಪೋರ್ಟ್ ಇರುತ್ತೆ, ಟ್ಯೂನರ್ ಬೇರೆ ತಗೋಬೇಕು, ಎಸ್‌ಎಕ್ಸ್‌ವಿ300 ಅಂತ, ಮ್ಯಾಗ್ನೆಟ್ ಆಂಟೆನಾ ಅದರ ಜೊತೇಲೇ ಬರುತ್ತೆ. ತುಂಬ ಜನ ರೆಡಿ ಅಂದ್ರೆ ಒಳಗೇ ಇದೆ ಅಂದ್ಕೊಂಡು ಆಮೇಲೆ ಬೇಜಾರು ಮಾಡ್ಕೋತಾರೆ. ಅಳತೆ ವಿಷಯ ಒಂದಿದೆ, ಟೊಯೋಟಾದ ಡ್ಯಾಶ್ ಕಿಂಡಿ 200 ಮಿಲಿಮೀಟರ್ ಅಗಲ, ಹೊರಗೆ ಸಿಗೋ ಡಬಲ್ ಡಿನ್ 180 ಮಿಲಿಮೀಟರ್, ಎರಡೂ ಪಕ್ಕ ಹತ್ತತ್ತು ಮಿಲಿಮೀಟರ್ ಸಂದಿ ಉಳಿಯುತ್ತೆ. ಅದನ್ನ ಮುಚ್ಚೋ ಪ್ಲಾಸ್ಟಿಕ್ ಪಟ್ಟಿ ಕಿಟ್ ಜೊತೆ ತರಿಸಿಕೊಂಡೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆ. ಮೊದಲು 10 ಎಂಎಂ ಸ್ಪ್ಯಾನರಲ್ಲಿ ಬ್ಯಾಟರಿ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಸರಿಸಿ ಬಟ್ಟೆ ಸುತ್ತಿದೆ, 90 ಸೆಕೆಂಡಾದ್ರೂ ಕಾಯ್ಬೇಕು, ಏರ್‌ಬ್ಯಾಗ್ ಸಿಸ್ಟಮಲ್ಲಿ ಚಾರ್ಜ್ ಉಳಿದಿರುತ್ತೆ ಅಂತ ಟೊಯೋಟಾದವರೇ ಹೇಳ್ತಾರೆ. ನಾನು ಕಾಫಿ ಕುಡಿದು ಬಂದೆ. ಡ್ಯಾಶಿನ ಮುಂದಿನ ಪ್ಯಾನೆಲ್ ಕ್ಲಿಪ್ಪುಗಳ ಮೇಲೆ ನಿಂತಿರೋದು, ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೆಲ್ಲಗೆ ಎಳೆದ್ರೆ ಟಕ್ ಟಕ್ ಅಂತ ಬಿಡುತ್ತೆ, ಒಳಗೆ ನಾಲ್ಕು ಬೋಲ್ಟು, ಅವೂ 10 ಎಂಎಂ. ಸೆಟ್ಟು ಮುಂದಕ್ಕೆ ಬಂತು.

ಹಿಂದುಗಡೆ ನೋಡಿ ಎದೆ ಧಸಕ್ ಅಂತು. ಕಂಪನಿ ಪ್ಲಗ್ಗೇ ಇಲ್ಲ. ಟೊಯೋಟಾ ಗಾಡಿಯಲ್ಲಿ ರೇಡಿಯೋ ಹಿಂದೆ ಎರಡು ಬಿಳಿ ಪ್ಲಗ್ ಇರಬೇಕು, ಒಂದು 10 ಪಿನ್ನು, ಇನ್ನೊಂದು 6 ಪಿನ್ನು. ಯಾರೋ ಅವನ್ನ ಕತ್ತರಿಸಿ ಎಸೆದು, ವೈರಿನ ತುದಿ ಹಲ್ಲಲ್ಲಿ ಕಚ್ಚಿದ ಹಾಗೆ ಸುಲಿದು, ಹೊಸ ಸೆಟ್ಟಿನ ವೈರಿಗೆ ತಿರುಚಿ ಮೇಲೆ ಕರಿ ಟೇಪ್ ಸುತ್ತಿದ್ದಾರೆ. ಟೆಕ್ಸಸ್ ಬಿಸಿಲಿಗೆ ಟೇಪಿನ ಅಂಟೆಲ್ಲ ಕರಗಿ ಜಿಗಿಜಿಗಿ ಆಗಿ ಅರ್ಧ ಬಿಚ್ಚಿಕೊಂಡಿತ್ತು, ಎರಡು ಕಡೆ ತಾಮ್ರ ಕಾಣ್ತಿತ್ತು. ಹತ್ತು ನಿಮಿಷದಲ್ಲಿ ಪ್ಲಗ್ ಸಿಕ್ಕಿಸೋ ಅಡಾಪ್ಟರ್ ಸಿಗೋವಾಗ ಯಾಕೆ ಕತ್ತರಿಸ್ತಾರೆ ಅನ್ನೋದು ನನಗೆ ಈಗಲೂ ಅರ್ಥ ಆಗಲ್ಲ, ಒಂದು ಗಾಡಿಯ ವೈರಿಗೆ ಕತ್ತರಿ ಹಾಕೋದು ಅಂದ್ರೆ ಮುಂದೆ ಅದನ್ನ ಮುಟ್ಟೋ ಪ್ರತಿಯೊಬ್ಬನಿಗೂ ಕೆಲಸ ಇಟ್ಟು ಹೋದ ಹಾಗೆ.

ಅಪ್ಪಾಜಿಗೆ ವಿಡಿಯೋ ಕಾಲ್ ಮಾಡಿದೆ. ನಮಗೆ ಬೆಳಿಗ್ಗೆ ಒಂಬತ್ತು ಅಂದ್ರೆ ಅಲ್ಲಿ ಸಂಜೆ ಏಳೂವರೆ. ಅವರು ಮೂವತ್ತು ವರ್ಷ ಚಿತ್ರದುರ್ಗದಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದೋರು, ಲಾರಿ, ಟೆಂಪೋಗಳಿಗೆ ಟೇಪ್ ಹಾಕಿಕೊಡೋದು ಅವರಿಗೆ ನೀರು ಕುಡಿದಷ್ಟು ಸುಲಭ. ಕ್ಯಾಮೆರಾ ಡ್ಯಾಶ್ ಒಳಗೆ ಹಿಡಿದೆ. ಒಂದು ನಿಮಿಷ ಸುಮ್ಮನೆ ನೋಡಿದ್ರು.

"ಕಪ್ಪು ವೈರು ಯಾವುದಕ್ಕೆ ಹಾಕಿದಾರೆ ನೋಡು."

"ಕಪ್ಪಿಗೆ ಕಪ್ಪು ಸೇರಿಸಿದಾರೆ ಅಪ್ಪಾಜಿ."

"ಗಾಡಿದು ಕಪ್ಪು ಅರ್ತ್ ಅಂತ ಯಾರು ಹೇಳಿದ್ರಲೇ ಅವನಿಗೆ? ಮೀಟರ್ ಹಚ್ಚು."

ಅಲ್ಲೇ ಇತ್ತು ಇಡೀ ಕಥೆ. ಹೊರಗೆ ಸಿಗೋ ಸ್ಟೀರಿಯೋಗಳ ವೈರ್ ಬಣ್ಣ ಎಲ್ಲ ಕಂಪನಿಗೂ ಹೆಚ್ಚುಕಡಿಮೆ ಒಂದೇ. ಹಳದಿ ಯಾವಾಗಲೂ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್, ಕಪ್ಪು ಅರ್ತ್, ಅಂದ್ರೆ ಕರೆಂಟು ಗಾಡಿಯ ಬಾಡಿ ಮೂಲಕ ವಾಪಸ್ ಹೋಗೋ ದಾರಿ. ಸ್ಪೀಕರುಗಳಿಗೆ ಬಿಳಿ, ಬೂದಿ, ಹಸಿರು, ನೇರಳೆ, ಪ್ರತಿಯೊಂದರ ಜೋಡಿಗೂ ಕಪ್ಪು ಗೆರೆ. ಆದ್ರೆ ಗಾಡಿಯ ಒಳಗಿನ ವೈರು ಟೊಯೋಟಾದವರ ಲೆಕ್ಕದಲ್ಲಿ ಇರುತ್ತೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನನ್ನ ಗಾಡಿಯಲ್ಲಿ ಯಾವಾಗಲೂ ಕರೆಂಟ್ ಇರೋದು ನೀಲಿ ಮೇಲೆ ಹಳದಿ ಗೆರೆ ಇರೋ ವೈರಲ್ಲಿ. ಕೀ ಜೊತೆ ಬರೋದು ಬೂದಿ ಬಣ್ಣದ್ದರಲ್ಲಿ. ಅರ್ತ್ ಕಂದು. ಮತ್ತೆ ಕಪ್ಪು, ಹಳದಿ ಎರಡೂ ಸೇರಿ ಹಿಂದಿನ ಎಡಗಡೆ ಸ್ಪೀಕರ್! ಕೆಂಪು, ಬಿಳಿ ಹಿಂದಿನ ಬಲಗಡೆದು. ಅಂದ್ರೆ ಬಣ್ಣ ನೋಡಿ ಬಣ್ಣಕ್ಕೆ ಸೇರಿಸಿದೋನು ಕೆಟ್ಟ ಅಂತಾನೇ ಅರ್ಥ. ಹಿಂದೆ ಮಾಡಿದೋನು ಕರೆಂಟ್ ವೈರುಗಳನ್ನ ಹೇಗೋ ಹುಡುಕಿ ಸರಿ ಹಾಕಿದ್ದ, ಅರ್ತ್ ಮಾತ್ರ ಕಪ್ಪಿಗೆ ಕಪ್ಪು ಅಂತ ಸೇರಿಸಿಬಿಟ್ಟಿದ್ದ. ಕಂದು ವೈರು ಟೇಪ್ ಒಳಗೆ ಸುಮ್ಮನೆ ನೇತಾಡ್ತಿತ್ತು.

ಹಾಗಾದ್ರೆ ಸೆಟ್ಟು ಇಷ್ಟು ದಿನ ಹೆಂಗೆ ನಡೀತು ಅಂತ ಕೇಳಿದೆ. ಅಪ್ಪಾಜಿ ಹೇಳಿದ್ರು, "ಆಂಟೆನಾ ವೈರಿನ ಮೇಲಿನ ಜಾಲರಿ ಬಾಡಿಗೆ ಸೇರಿರುತ್ತಲ್ಲೋ, ಅದರ ಮೂಲಕ ಅರ್ತ್ ತಗೊಂಡಿದೆ. ಅದಕ್ಕೇ ಸಿಳ್ಳೆ." ಮೀಟರ್ ಹಿಡಿದು ನೋಡಿದ್ರೆ ಅದೇ. ಆಂಟೆನಾ ಪಿನ್ ಎಳೆದ್ರೆ ಸೆಟ್ಟಿನ ಡಬ್ಬಕ್ಕೂ ಗಾಡಿ ಬಾಡಿಗೂ ಸರಿಯಾದ ಕನೆಕ್ಷನ್ನೇ ಇಲ್ಲ. ಸೆಟ್ಟಿನ ಇಡೀ ಕರೆಂಟು ಆ ತೆಳ್ಳನೆ ಜಾಲರಿಯಲ್ಲಿ ವಾಪಸ್ ಹೋಗ್ತಾ ಇತ್ತು, ಆಲ್ಟರ್ನೇಟರಿನ ಗದ್ದಲವೂ ಅದೇ ದಾರಿ ಹಿಡಿದಿತ್ತು.

ಆಮೇಲೆ ಸ್ಪೀಕರ್ ವೈರುಗಳನ್ನ ಪತ್ತೆ ಮಾಡೋ ಕೆಲಸ. ಹಳೇ ಜಾಯಿಂಟೆಲ್ಲ ಬಿಚ್ಚಿ, ಒಂದು ಮಾಮೂಲಿ 1.5 ವೋಲ್ಟ್ ಪೆನ್ಸಿಲ್ ಸೆಲ್ ತಗೊಂಡು ಒಂದೊಂದು ಜೋಡಿಗೂ ಕ್ಷಣ ಹೊತ್ತು ಮುಟ್ಟಿಸಿದ್ರೆ ಆ ಸ್ಪೀಕರಲ್ಲಿ ಟಕ್ ಅನ್ನುತ್ತೆ. ಮಗಳನ್ನ ಹಿಂದೆ ಅವಳ ಜಾಗದಲ್ಲೇ ಕೂರಿಸಿದೆ, ಎಲ್ಲಿ ಶಬ್ದ ಬಂತು ಹೇಳಬೇಕು ಅಂತ. ಗುಲಾಬಿ, ನೇರಳೆ ಮುಟ್ಟಿಸಿದೆ, "ನಿನ್ ಬಾಗ್ಲು". ತಿಳಿ ಹಸಿರು, ನೀಲಿ ಮುಟ್ಟಿಸಿದೆ, "ಅಮ್ಮನ್ ಬಾಗ್ಲು". ಕೆಂಪು, ಬಿಳಿ, "ಆ ಕಡೇದು". ಕಪ್ಪು, ಹಳದಿ ಮುಟ್ಟಿಸಿದೆ. ಅವಳು ಏನೂ ಹೇಳ್ಲಿಲ್ಲ. ಮತ್ತೆ ಮುಟ್ಟಿಸಿದೆ, ಹಿಂದೆ ತಿರುಗಿ ನೋಡಿದ್ರೆ ಬಾಗಿಲಿಗೆ ಕಿವಿ ಒತ್ತಿಕೊಂಡು ಕೂತಿದಾಳೆ, "ಅಪ್ಪಾ ನಂದು! ನಂದು ಬಂತು!" ಅಂದ್ಲು. ಸ್ಪೀಕರ್ ಸತ್ತಿರ್ಲೇ ಇಲ್ಲ. ಒಂದು ವರ್ಷ ಸತ್ತಿದೆ ಅಂತ ಹೇಳ್ತಾ ಬಂದಿದ್ನಲ್ಲ ಅಂತ ನಿಜವಾಗ್ಲೂ ಸಂಕಟ ಆಯ್ತು.

ಕತ್ತರಿಸಿ ಹೋದ ಪ್ಲಗ್ಗಿಗೆ ಬದಲಿ ಸಿಗುತ್ತೆ, ರಿವರ್ಸ್ ಹಾರ್ನೆಸ್ (ಹಾರ್ನೆಸ್ ಅಂದ್ರೆ ಪ್ಲಗ್ ಇರೋ ವೈರಿನ ಕಂತೆ) ಅಂತ ಕೇಳಬೇಕು, ಮೆಟ್ರಾ ಕಂಪನಿಯದು ತರಿಸಿದೆ. ಅದನ್ನ ಗಾಡಿ ಕಡೆ ವೈರಿಗೆ ಸೇರಿಸಿದ್ರೆ ಕಂಪನಿ ಪ್ಲಗ್ ಇದ್ದ ಹಾಗೇ ವಾಪಸ್ ಬರುತ್ತೆ. ಅದಕ್ಕೆ ಕೂರೋ ಮಾಮೂಲಿ ಹಾರ್ನೆಸ್ಸನ್ನ ಹೊಸ ಸೆಟ್ಟಿನ ವೈರಿಗೆ ಸೇರಿಸಬೇಕು. ನೇರವಾಗಿ ಸೆಟ್ಟಿಗೇ ಸೇರಿಸಬಹುದಿತ್ತು, ಅರ್ಧ ಕೆಲಸ ಉಳೀತಿತ್ತು, ಆದ್ರೆ ಈ ಗಾಡಿ ಮುಂದೆ ಯಾರ ಕೈಗೆ ಹೋದ್ರೂ ಪ್ಲಗ್ ಎಳೆದು ಸೆಟ್ಟು ತೆಗೆಯೋ ಹಾಗಿರಬೇಕು ಅನ್ನೋ ಹಠ ನನಗೆ ಬಂದಿತ್ತು. ಒಂದು ಕಡೆ 12, ಇನ್ನೊಂದು ಕಡೆ 12, ಒಟ್ಟು 24 ಜಾಯಿಂಟು, ಎಲ್ಲ ಲೆಡ್ ಕರಗಿಸಿ ಬೆಸೆಯೋದು, ಅಂದ್ರೆ ಸಾಲ್ಡರ್ ಮಾಡೋದು. ಪಾರ್ಸಲ್ ಬರೋವರೆಗೆ ಒಂದು ವಾರ ಗಾಡಿ ಡ್ಯಾಶ್ ಬಾಯಿ ಬಿಟ್ಕೊಂಡೇ ಓಡಾಡ್ತು, ಪ್ರತಿ ವೈರಿನ ತುದಿಗೂ ಟೇಪ್ ಸುತ್ತಿಟ್ಟಿದ್ದೆ.

ಸೆಟ್ಟಿನ ಕಡೆಯದನ್ನ ಅಡುಗೆಮನೆ ಟೇಬಲ್ ಮೇಲೆ ಆರಾಮಾಗಿ ಕೂತು ಮಾಡಿದೆ. ಮೊದಲನೇ ಆರು ಜಾಯಿಂಟ್ ಮಾಡಿ ಅಪ್ಪಾಜಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. "ಮೂರನೇದು, ಐದನೇದು ಡ್ರೈ ಸಾಲ್ಡರ್ ಆಗಿದಾವೆ ನೋಡು, ಮೊಬ್ಬಾಗಿದಾವೆ, ಸರಿಯಾಗಿ ಹಿಡಿದಿಲ್ಲ. ಲೆಡ್ಡನ್ನ ಐರನ್ನಿಗೆ ಮುಟ್ಟಿಸಿ ಸುರೀಬೇಡ, ವೈರು ಕಾಯಿಸು, ವೈರೇ ಲೆಡ್ಡು ಕುಡೀಬೇಕು." ಹಂಗೇ ಮಾಡಿದೆ. ಐರನ್ ತುದಿ ವೈರಿನ ಕೆಳಗಿಟ್ಟು, ಮೇಲುಗಡೆಯಿಂದ ಲೆಡ್ ತಾಗಿಸಿ ಕಾದೆ, ಎರಡು ಮೂರು ಸೆಕೆಂಡಿಗೆ ಸಣ್ಣಗೆ ಹೊಗೆ ಎದ್ದು, ಒಂದು ಕ್ಷಣದಲ್ಲಿ ಬೆಳ್ಳಗೆ ಹೊಳೀತಾ ಎಳೆ ಎಳೆ ಮಧ್ಯ ಹೀರಿಕೊಂಡು ಹೋಯ್ತು, ತಣ್ಣಗಾದ ಮೇಲೂ ಎಳೆಗಳ ಗೆರೆ ಕಾಣ್ತಿತ್ತು. ಆ ಎರಡನ್ನ ಕತ್ತರಿಸಿ ಮತ್ತೆ ಮಾಡಿದೆ. ಮೇಲೆ ಸ್ಲೀವ್ ಎಳೆದು ಹೀಟ್ ಗನ್ ಹಿಡಿದ್ರೆ ಅದು ಸುರುಟಿ ಗಟ್ಟಿಯಾಗಿ ಕೂರುತ್ತೆ, ಆದ್ರೆ ಸ್ಲೀವನ್ನ ಬೆಸೆಯೋಕೆ ಮುಂಚೆನೇ ವೈರಿಗೆ ತೂರಿಸಿರಬೇಕು, ಇದನ್ನ ಮರೆತ್ರೆ ಜಾಯಿಂಟ್ ಮತ್ತೆ ಬಿಚ್ಚಬೇಕು. ಗಾಡಿಯ ಅಲುಗಾಟಕ್ಕೆ ಸಾಲ್ಡರ್ ಮಾಡಿದ ಜಾಗ ಮುರಿಯುತ್ತೆ, ಕ್ರಿಂಪ್ ಮಾಡೋದೇ (ಲೋಹದ ಕೊಳವೆಯಲ್ಲಿ ಅಮುಕಿ ಸೇರಿಸೋದೇ) ಸರಿ ಅನ್ನೋರಿದಾರೆ, ಅವರ ಮಾತಲ್ಲೂ ಹುರುಳಿದೆ. ನಾನು ಅದಕ್ಕೆ ಇಡೀ ಕಂತೆಗೆ ಬಟ್ಟೆ ಟೇಪ್ ಸುತ್ತಿ ಬ್ರ್ಯಾಕೆಟ್ಟಿಗೆ ಬಿಗಿಯಾಗಿ ಕಟ್ಟಿದೀನಿ, ಒಂದೂ ವೈರು ತೂಗಾಡಲ್ಲ.

ಕಂದು ವೈರು ಈಗ ಕಪ್ಪಿಗೆ ಬಂತು. ಬಾಡಿಗೆ ಮೀಟರ್ ಹಿಡಿದ್ರೆ ಒಂದು ಓಮ್‌ಗಿಂತ ಕಮ್ಮಿ. ಇಂಜಿನ್ ಸ್ಟಾರ್ಟ್ ಮಾಡಿ, ವಾಲ್ಯೂಮ್ ಜಾಸ್ತಿ ಇಟ್ಟು ಹಾಡೇನೂ ಹಾಕದೆ ಆಕ್ಸಿಲರೇಟರ್ ಒತ್ತಿದೆ. ಸಿಳ್ಳೆ ಇಲ್ಲ. ಇನ್ನೊಂದ್ಸಲ ಒತ್ತಿದೆ. ಇಲ್ಲ.

ಸ್ಪೀಕರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಈ ಗಾಡಿಗೆ ಮುಂದೆ 6x9 ಇಂಚು, ಹಿಂದೆ ಆರೂವರೆ ಇಂಚು. ಸೆಟ್ಟಿನ ಮೇಲೆ 50x4, ಅಂದ್ರೆ ನಾಲ್ಕು ಸ್ಪೀಕರಿಗೂ 50 ವ್ಯಾಟ್, ಅಂತ ಬರೆದಿರೋ ನಂಬರ್ ನಂಬಬೇಡಿ, ಸತತವಾಗಿ ಕೊಡೋದು ಅದರಲ್ಲಿ ಮೂರನೇ ಒಂದು ಭಾಗವೋ ಸ್ವಲ್ಪ ಜಾಸ್ತಿಯೋ ಅಷ್ಟೇ, ಹಾಗಾಗಿ ಬೇರೆ ಆಂಪ್ಲಿಫೈಯರ್ ಹಾಕದಿದ್ರೆ ಸೆನ್ಸಿಟಿವಿಟಿ 90 ಡೆಸಿಬಲ್ ಮೇಲಿರೋ ಸ್ಪೀಕರ್ ನೋಡಿ ತಗೊಳ್ಳಿ, ಕಮ್ಮಿ ಕರೆಂಟಲ್ಲೂ ಬಾಯಿ ಬಿಟ್ಟು ಹಾಡ್ತವೆ. ಪ್ಲಸ್ ಮೈನಸ್ ಒಂದು ಬಾಗಿಲಲ್ಲಿ ಉಲ್ಟಾ ಆದ್ರೆ ಒಂದು ಸ್ಪೀಕರಿನ ಕೋನ್ (ಅದುರೋ ಬಟ್ಟಲು) ಮುಂದೆ ಬರೋವಾಗ ಇನ್ನೊಂದು ಹಿಂದೆ ಹೋಗಿ ತಬಲಾ, ಮೃದಂಗದ ತೂಕವೇ ಮಾಯ ಆಗುತ್ತೆ, ಅದೂ ಸೆಲ್ ಮುಟ್ಟಿಸಿ ಕೋನ್ ಯಾವ ಕಡೆ ಚಲಿಸುತ್ತೆ ನೋಡಿದ್ರೆ ಗೊತ್ತಾಗುತ್ತೆ. ಸ್ಪೀಕರಿಗಿಂತ ನನಗೆ ದೊಡ್ಡ ಬದಲಾವಣೆ ತಂದಿದ್ದು ಬಾಗಿಲ ಒಳಗೆ ಅಂಟಿಸಿದ ಬ್ಯೂಟೈಲ್ ಶೀಟು, ಅದುರು ತಡೆಯೋ ರಬ್ಬರಿನಂಥ ಹಾಳೆ. ತಗಡು ಬಡಿದ್ರೆ ಡಬ್ಬದ ಥರ ಢಣ್ ಅನ್ನೋದು, ಶೀಟ್ ಹಾಕಿ ರೋಲರಲ್ಲಿ ಒತ್ತಿದ ಮೇಲೆ ದಪ್ ಅನ್ನುತ್ತೆ. 75 ಮೈಲಿ ಸ್ಪೀಡಲ್ಲಿ, ಎದುರು ಗಾಳಿಯಲ್ಲಿ, ಇದರ ಬೆಲೆ ಗೊತ್ತಾಗೋದು.

ಈಗ ಸ್ಯಾಟಲೈಟಿಗೆ ಬರ್ತೀನಿ, ನನಗೆ ಇದರ ಆಸೆ ಹತ್ತಿದ್ದೇ ಬೆಂಗಳೂರಲ್ಲಿ. ನಮ್ಮ ದೊಡ್ಡಪ್ಪನ ಮನೆಯಲ್ಲಿ ವರ್ಲ್ಡ್‌ಸ್ಪೇಸ್ ಅನ್ನೋ ಸ್ಯಾಟಲೈಟ್ ರೇಡಿಯೋದ ರಿಸೀವರ್ ಇತ್ತು. ಏಷ್ಯಾಸ್ಟಾರ್ ಅನ್ನೋ ಉಪಗ್ರಹ 2000ನೇ ಇಸವಿ ಮಾರ್ಚಲ್ಲಿ ಹಾರಿ 105 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿತ್ತು, ನಮ್ಮ ಬೆಂಗಳೂರಿಂದ ನೋಡಿದ್ರೆ ಪೂರ್ವಕ್ಕೆ, ಸ್ವಲ್ಪ ಆಗ್ನೇಯಕ್ಕೆ. ಆ ಕಡೆ ಕಿಟಕಿಯಲ್ಲಿ ಅಂಗೈಯಗಲದ ಆಂಟೆನಾ ಇಟ್ಟು, ಸಿಗ್ನಲ್ ಗೆರೆ ನೋಡ್ತಾ ಬೆರಳಗಲ ಅತ್ತಿತ್ತ ಸರಿಸೋದು ನನ್ನ ಕೆಲಸ. ಸ್ಪರ್ಶ ಅಂತ ಕನ್ನಡ ಚಾನೆಲ್, ಶ್ರುತಿ ಅಂತ ಕರ್ನಾಟಕ ಸಂಗೀತದ ಚಾನೆಲ್. ಕರಕರ ಇಲ್ಲ, ಗೊರಗೊರ ಇಲ್ಲ, ವೀಣೆಯ ತಂತಿ ಮೇಲೆ ಬೆರಳು ಜಾರೋದು ಕೇಳೋದು. 2009ರ ಡಿಸೆಂಬರ್ 31ಕ್ಕೆ ಇಂಡಿಯಾದಲ್ಲಿ ಆ ಸೇವೆ ನಿಂತುಹೋಯ್ತು. ದೊಡ್ಡಪ್ಪ ರಿಸೀವರನ್ನ ಇನ್ನೂ ಶೋಕೇಸಲ್ಲಿ ಇಟ್ಟಿದಾರೆ. ಅಮೆರಿಕದ ಸ್ಯಾಟಲೈಟ್ ರೇಡಿಯೋ ಕಂಪನಿ ಎಕ್ಸ್‌ಎಂ ಶುರುವಾಗೋ ಕಾಲಕ್ಕೆ ಇದೇ ವರ್ಲ್ಡ್‌ಸ್ಪೇಸ್ ಅದರಲ್ಲಿ ದುಡ್ಡು ಹಾಕಿತ್ತು ಅಂತ ತಿಳಿದಾಗ ದೂರದ ನೆಂಟರು ಸಿಕ್ಕ ಹಾಗಾಯ್ತು. ಎಕ್ಸ್‌ಎಂ 2001ರ ಸೆಪ್ಟೆಂಬರಲ್ಲಿ ಮೊದಲು ಶುರುವಾಗಿದ್ದು ಸ್ಯಾನ್ ಡಿಯಾಗೋದಲ್ಲಿ, ಇನ್ನೊಂದು ನಮ್ಮ ಡಾಲಸಲ್ಲಿ. 2008ರಲ್ಲಿ ಸಿರಿಯಸ್ ಜೊತೆ ಸೇರಿ ಸಿರಿಯಸ್‌ಎಕ್ಸ್‌ಎಂ ಆಯ್ತು.

ಟ್ಯೂನರ್ ಚಿಕ್ಕ ಡಬ್ಬಿ, ಗ್ಲೌ ಬಾಕ್ಸ್ ಹಿಂದೆ ವೆಲ್ಕ್ರೋ ಹಾಕಿ ಅಂಟಿಸಿದೆ. ಆಂಟೆನಾ ಬಿಸ್ಕತ್ತಿನಷ್ಟು ದೊಡ್ಡದು, ಕೆಳಗೆ ಮ್ಯಾಗ್ನೆಟ್. ಮಾಡಿನ ಮೇಲಿಂದ ವೈರು ತರೋ ಉಸಾಬರಿ ಯಾಕೆ ಅಂತ ಮೊದಲು ಒಳಗೇ, ಡ್ಯಾಶ್ ಮೇಲೆ ಗಾಜಿನ ಕೆಳಗೆ ಇಟ್ಟೆ. ಮನೆ ಮುಂದೆ ಚೆನ್ನಾಗಿ ಬಂತು. ಮಾರನೇ ದಿನ ಆನ್ಸನ್ ಕಡೆ ಒಂದು ಕೆಲಸ ಇತ್ತು, ಆಬಿಲೀನಿಂದ ನೆಟ್ಟಗೆ ಉತ್ತರಕ್ಕೆ. ಹೋಗ್ತಾ ಪೂರ್ತಿ ಕಟ್ ಕಟ್. ವಾಪಸ್ ಬರ್ತಾ ಒಂದು ಅಕ್ಷರ ತಪ್ಪದೆ ಬಂತು. ಅದೇ ರಸ್ತೆ, ಅದೇ ಆಕಾಶ. ಸಂಜೆ ಚಹಾ ಕುಡೀತಾ ಹೊಳೀತು. ನನ್ನ ಟ್ಯೂನರಿಗೆ ಹಾಡು ಕಳಿಸೋ ಉಪಗ್ರಹಗಳು ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 85 ಮತ್ತು 115 ಡಿಗ್ರಿ ಪಶ್ಚಿಮದಲ್ಲಿ ನಿಂತಿರೋವು. ಆಬಿಲೀನ್ ಇರೋದು ಹತ್ರ ಹತ್ರ 100 ಡಿಗ್ರಿಯಲ್ಲಿ, ಅಂದ್ರೆ ನಮಗೆ ಒಂದು ದಕ್ಷಿಣದ ಸ್ವಲ್ಪ ಎಡಕ್ಕೆ, ಇನ್ನೊಂದು ಸ್ವಲ್ಪ ಬಲಕ್ಕೆ. ಉತ್ತರಕ್ಕೆ ಮುಖ ಮಾಡಿ ಹೋಗೋವಾಗ ಎರಡೂ ನನ್ನ ಬೆನ್ನ ಹಿಂದೆ, ಗಾಡಿಯ ತಗಡಿನ ಮಾಡು ಮಧ್ಯ ಅಡ್ಡ. ದೊಡ್ಡಪ್ಪನ ಕಿಟಕಿಯಲ್ಲಿ ಕಲಿತ ಪಾಠವೇ ಇದು, ಆಂಟೆನಾಗೆ ಉಪಗ್ರಹ ಕಾಣಬೇಕು.

ಹಾಗಾಗಿ ಮಾಡಿನ ಮೇಲಕ್ಕೇ ಹೋಯ್ತು. ಅಂಚಿಂದ ಕಮ್ಮಿ ಅಂದ್ರೂ ಮೂರು ಇಂಚು ಒಳಗಿರಬೇಕು, ಸುತ್ತ ತಗಡು ಬೇಕು, ಆ ತಗಡೇ ಆಂಟೆನಾಗೆ ನೆಲ ಇದ್ದ ಹಾಗೆ. ಮೊದಲು ಆ ಜಾಗ ಸ್ಪಿರಿಟ್ಟಲ್ಲಿ ಒರೆಸಿದೆ, ಕೆಂಪು ಮಣ್ಣಿನ ಧೂಳು ಉಳಿದ್ರೆ ಮ್ಯಾಗ್ನೆಟ್ ಕೆಳಗೆ ಪೇಂಟ್ ಉಜ್ಜಿ ಹೋಗುತ್ತೆ. ವೈರನ್ನ ಬಲಗಡೆ ಮುಂದಿನ ಬಾಗಿಲಿನ ರಬ್ಬರ್ ಒಳಗೆ ತುರುಕುತ್ತಾ ಕೆಳಗೆ ತಂದು, ಕಾಲಿಡೋ ಜಾಗದ ಪಕ್ಕದ ಪ್ಲಾಸ್ಟಿಕ್ ಹಿಂದಿನಿಂದ ಗ್ಲೌ ಬಾಕ್ಸಿಗೆ ಒಯ್ದೆ. ಮುಖ್ಯವಾದದ್ದು ಒಂದು, ಒಳಗೆ ಹೋಗೋ ಜಾಗಕ್ಕಿಂತ ಮುಂಚೆ ವೈರನ್ನ ಸ್ವಲ್ಪ ಕೆಳಗಿಳಿಸಿ ಯು ಆಕಾರ ಮಾಡಿ ಆಮೇಲೆ ಮೇಲಕ್ಕೆ ಹತ್ತಿಸಬೇಕು. ಮಳೆ ನೀರು ವೈರು ಹಿಡಿದು ಇಳಿದು ಬಂದ್ರೂ ಆ ತಗ್ಗಲ್ಲಿ ತೊಟ್ಟಿಕ್ಕಿ ಹೋಗುತ್ತೆ, ಒಳಗೆ ಬರಲ್ಲ. ಅಪ್ಪಾಜಿ ಟಿವಿ ಆಂಟೆನಾ ವೈರು ಮನೆಯೊಳಗೆ ತರೋವಾಗಲೂ ಹಿಂಗೇ ಬಳುಕಿಸಿ ತರ್ತಿದ್ರು. ಉಳಿದ ವೈರು ಆರಾಮಾಗಿ ದೊಡ್ಡ ಸುರುಳಿ ಸುತ್ತಿ ಕಟ್ಟಿದೆ, ಅದನ್ನ ಕತ್ತರಿಸಬಾರದು, ಗಟ್ಟಿಯಾಗಿ ಮಡಚಲೂಬಾರದು.

ಆಕ್ಟಿವೇಟ್ ಮಾಡೋದು ಸುಲಭ. ಚಾನೆಲ್ 0ಗೆ ಹೋದ್ರೆ ರೇಡಿಯೋ ಐಡಿ ತೋರಿಸುತ್ತೆ, ಅಕ್ಷರ ಅಂಕಿ ಕಲಸಿರೋದು, ಓದೋವಾಗ ಗೊಂದಲ ಆಗಬಾರದು ಅಂತ ಐ, ಓ, ಎಸ್, ಎಫ್ ಅಕ್ಷರಗಳನ್ನ ಬಳಸೋದೇ ಇಲ್ಲ, ಹಾಗಾಗಿ ಗುಂಡಗೆ ಕಂಡಿದ್ದು ಸೊನ್ನೆಯೇ. ಅದನ್ನ ಕೊಟ್ಟು, ಗಾಡಿಯನ್ನ ಮರ ಇಲ್ಲದ ಕಡೆ ನಿಲ್ಲಿಸಿ, ಸೆಟ್ಟು ಆನ್ ಮಾಡಿಟ್ಟು ಕೂತಿದ್ದೆ. ಹತ್ತು ನಿಮಿಷದ ಹತ್ರ ಆಗಿರಬೇಕು, ಚಾನೆಲ್ ಪಟ್ಟಿ ತನ್ನಷ್ಟಕ್ಕೆ ತಾನೇ ತುಂಬಿಕೊಂಡು ಒಬ್ಬಳು ಹೆಂಗಸು ಟೆನ್ನೆಸ್ಸೀ ಕಡೆ ರಾಗದಲ್ಲಿ ಹಾಡೋಕೆ ಶುರು ಮಾಡಿದ್ಲು.

ಕನ್ನಡ ಇದರಲ್ಲಿ ಸಿಗಲ್ಲ, ಅದಕ್ಕೆ ಯುಎಸ್‌ಬಿ ಇಟ್ಟಿದೀನಿ. ಆದ್ರೆ ಸ್ನೈಡರ್ ದಾಟಿ ಪೋಸ್ಟ್ ಕಡೆ ಹೋಗೋ ರಸ್ತೆಯಲ್ಲೂ ನ್ಯೂಸು, ಬೇಸ್‌ಬಾಲ್ ಕಾಮೆಂಟರಿ, ಹಳೇ ಕಂಟ್ರಿ ಹಾಡು ಮನೆ ಮುಂದೆ ಇದ್ದಷ್ಟೇ ಸ್ಪಷ್ಟ. ಮೇ ತಿಂಗಳ ದೊಡ್ಡ ಗುಡುಗು ಮಳೆಯಲ್ಲೂ ಹೋಗಲ್ಲ, ಇದು ಬರೋದು 2.3 ಗಿಗಾಹರ್ಟ್ಸ್ ಆಸುಪಾಸಲ್ಲಿ, ಡಿಶ್ ಟಿವಿಗೆ ಆಗೋ ಹಾಗೆ ಮಳೆ ಹನಿ ಇದನ್ನ ನುಂಗಲ್ಲ. ಸೇತುವೆ ಕೆಳಗೆ ನುಗ್ಗಿದ್ರೂ ಮೊದಲೇ ಕೆಲವು ಸೆಕೆಂಡ್ ಹಿಡಿದಿಟ್ಟುಕೊಂಡಿರುತ್ತೆ, ಮಾತು ಮುರಿಯಲ್ಲ. ಕಾಯುತ್ತಾ ನಿಂತ್ರೆ ಮಾತ್ರ, ಪೆಟ್ರೋಲ್ ಬಂಕಿನ ತಗಡಿನ ಚಪ್ಪರದ ಕೆಳಗೆ, ನಿಧಾನಕ್ಕೆ ಮೌನ ಆಗುತ್ತೆ.

ಹೋದ ವಾರ ಸ್ವೀಟ್‌ವಾಟರಲ್ಲಿ ಆಲಿಕಲ್ಲು ಜೊತೆ ಮಳೆ ಹೊಡೀತು. ಮನೆಗೆ ಬಂದು ಮೊದಲು ಗ್ಲೌ ಬಾಕ್ಸ್ ಕೆಳಗಿನ ಮ್ಯಾಟ್ ಎತ್ತಿ ಕೈಯಾಡಿಸಿ ನೋಡಿದೆ, ಒಣಗಿತ್ತು. ಹೊರಗೆ ವೈರಿನ ತಗ್ಗಲ್ಲಿ ಒಂದು ಹನಿ ತೂಗ್ತಾ ಇತ್ತು. ಭಾನುವಾರ ಮೂವರೂ ಡಾಲಸ್ಸಿಗೆ ಹೊರಟಾಗ ಮಗಳಿಗೆ ಇಷ್ಟ ಆದ ಹಾಡು ಯುಎಸ್‌ಬಿಯಿಂದ ಹಾಕಿದೆ, ಅವಳು ಬಾಗಿಲ ಜಾಲರಿ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ಲು, "ಇಲ್ಲಿ ಗಾಳಿ ಬರುತ್ತೆ ಅಪ್ಪಾ" ಅಂದ್ಲು. ವೆದರ್‌ಫರ್ಡ್ ಹತ್ರ ನಿದ್ದೆ ಹೋದಾಗ ಮುಂದೆ ಹಿಂದೆ ಶಬ್ದ ಹಂಚೋ ಫೇಡರನ್ನ ಎರಡು ಪಾಯಿಂಟ್ ಮುಂದಕ್ಕೆ ತಿರುಗಿಸಿದೆ, ಆ ಸ್ಪೀಕರ್ ಅವಳ ಕಿವಿಗೆ ತುಂಬ ಹತ್ರ.